ಪುಟ್ಟ ಪಿಸ್ತೂಲಿನ ಬಗ್ಗೆ ತಜ್ಞರ ಅಭಿಪ್ರಾಯ

ಪಿಸ್ತೂಲು ಅಂಗೈಗಿಂತ ಚೂರು ಉದ್ದ; ಅದು ತಂದ ಜಗಳ ಮಾತ್ರ ಅಡುಗೆಮನೆಯಿಂದ ಬಾಲ್ಕನಿಯವರೆಗೂ ಹಬ್ಬಿತ್ತು. ಕನ್ನಡಕದಂಗಡಿಯವನು ಅದನ್ನು ಕೊಂಡದ್ದು ಶೂಟಿಂಗ್ ಕ್ಲಬ್ಬಿಗೆ ಸೇರಿದ ಹುಮ್ಮಸ್ಸಿನಲ್ಲಿ. ಸಣ್ಣ ಪಾಯಿಂಟ್ ಟೂಟೂ ಗುಂಡು ಹಾರಿಸುವ ಪಿಸ್ತೂಲು, ಕಾಗದಕ್ಕೆ ತೂತು ಮಾಡುವುದು ಬಿಟ್ಟರೆ ಬೇರೆ ದುರಾಸೆಯಿಲ್ಲದ್ದು. ಆದರೆ ಬೇಡವೆನಿಸಿದರೆ ಅದೇ ದಿನ ಅಂಗಡಿ ಮುಚ್ಚುವುದರೊಳಗೆ ವಾಪಸ್ ಪಡೆಯುತ್ತೇನೆಂದು ಪಿಸ್ತೂಲು ಮಾರಿದವನು ಹೇಳಿದ್ದು ಹೆಂಡತಿಯ ಕಿವಿಗೂ ಬಿದ್ದುಬಿಟ್ಟಿತ್ತು.

“ಸಂಜೆ ನಾನೇ ಕ್ಲಬ್ಬಿಗೆ ಬರ್ತೀನಿ,” ಎಂದಳು. “ಆ ಕಾಗದದ ಮಧ್ಯೆ ಕಪ್ಪಗೆ ಇರುತ್ತಲ್ಲ, ಅದ್ರಲ್ಲಿ ತೂತು ಕಂಡ್ರೆ ಇಟ್ಕೊಳ್ಳಿ. ಇಲ್ದಿದ್ರೆ ದಾರೀಲೇ ಅಂಗಡಿಗೆ ಕೊಟ್ಟು ಮನೆಗೆ ಹೋಗೋಣ.”

ಕ್ಲಬ್ಬೆಂದರೆ ಹಳೆಯ ಗೋದಾಮು. ಈ ತುದಿಯಲ್ಲಿ ಮರದ ಕಟ್ಟೆ, ಆ ತುದಿಯಲ್ಲಿ ಮರಳಿನ ಗುಡ್ಡೆ, ನಡುವೆ ರಾಟೆಯ ಹಗ್ಗಕ್ಕೆ ಬಟ್ಟೆ ಒಣಹಾಕಿದಂತೆ ಗುರಿಯ ಕಾಗದಗಳು. ಅಲ್ಲಿಯ ಯಜಮಾನಿಕೆ ನಿವೃತ್ತ ಡ್ರಿಲ್ ಮೇಷ್ಟ್ರದು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಅವರು ಎಲ್ಲರಿಗೂ ‘ಸೀಟಿ’. ಹೊಸಬನನ್ನು ನಿಲ್ಲಿಸಿಕೊಂಡು ಅವರು ಹೇಳಿದ್ದು ಒಂದೇ ನಿಯಮ: ಬೇರೆಯವರ ಕಾಗದಕ್ಕೆ ಹೊಡೆದವನ ಹೆಸರು ಆ ಕ್ಷಣವೇ ಕ್ಲಬ್ಬಿನಿಂದ ಹೊರಗೆ, ಅಳುವುದು ಕರೆಯುವುದು ನಡೆಯದು.

ಮೊದಲ ಗುಂಡಿಗೇ ಅವನು ಪಿಸ್ತೂಲಿಗೆ ಮನಸೋತ. ಗುಂಡು ಹಾರುವಾಗ ಕೈಗೆ ಒದೆತವೆಂಬುದೇ ಇಲ್ಲ, ನಿದ್ದೆಯಲ್ಲಿರುವ ಮಗು ಬೆರಳು ಹಿಡಿದು ಬಿಟ್ಟ ಹಾಗೆ. ಮೇಜಿಗೆ ಸ್ಕೇಲು ಬಡಿದಷ್ಟು ಸದ್ದು. ಟ್ರಿಗರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಹಿಂದೆ ಸರಿಯುತ್ತಿತ್ತು. ಗುಂಡು ತುಂಬುವಾಗ ಸ್ಪ್ರಿಂಗು ಹೆಬ್ಬೆರಳನ್ನು ಕಚ್ಚುತ್ತಿತ್ತು ನಿಜ, ಆದರೆ ಪ್ರೀತಿಯಲ್ಲಿ ಅದೆಲ್ಲ ಇದ್ದದ್ದೇ. ಗುಂಡುಗಳು ಕಾಗದದ ಬಳಿ ಸುಳಿಯದೆ ಮರಳಿಗೆ ಹೋಗುತ್ತಿದ್ದವು, ಅಷ್ಟೇ.

ಸಲಹೆ ಕೊಡುವವರಿಗೆ ಇಷ್ಟು ಸಾಕಾಯಿತು. ನಿವೃತ್ತ ಬ್ಯಾಂಕ್ ಮ್ಯಾನೇಜರು ತಮ್ಮ ಜಾಗ ಬಿಟ್ಟು ಬಂದು ಅವನ ಪಾದವನ್ನು ಬೂಟಿನ ತುದಿಯಿಂದ ಎಡಕ್ಕೆ ಸರಿಸಿದರು. ನಿಲುವು ಸರಿಯಿದ್ದರೆ ಕೈ ತಾನಾಗಿ ಗುರಿಗೆ ಹೋಗುತ್ತದೆಂದು ಉಪನ್ಯಾಸ ಕೊಟ್ಟರು. ಎಡಪಕ್ಕದಲ್ಲಿ ಹೊಡೆಯುತ್ತಿದ್ದವರು ಹಲ್ಲಿನ ಡಾಕ್ಟರು. ಅವರ ಗುಂಡುಗಳಿಗೆ ಮೊದಲಿನಿಂದಲೂ ಕಾಗದಕ್ಕಿಂತ ಮರಳಿನ ಮೇಲೇ ಮೋಹ. ಅವರೂ ಬಂದು ಸೊಂಟವನ್ನು ಇನ್ನೊಂಚೂರು ಎಡಕ್ಕೆ ತಿರುಗಿಸಿದರು. ಕೊನೆಗೆ ಸೀಟಿ ಬಂದು ಭುಜ ತಿರುಗಿಸಿ ಕಿವಿಯಲ್ಲಿ ಹೇಳಿದರು:

“ಕನ್ನಡಕದೋರೆ, ಕಣ್ಣು ಪಿಸ್ತೂಲಿನ ತುದೀಲಿರೋ ಮುಳ್ಳಿನ ಮೇಲಿರ್ಲಿ. ದೂರದ ಕಾಗದ ಮಸುಕಾಗಿ ಕಂಡ್ರೆ ಕಾಣ್ಲಿ, ಬಿಡಿ.”

ಹತ್ತಿರ ನೋಡಿದರೆ ದೂರದ್ದು ಮಸುಕಾಗುತ್ತದೆ ಎಂಬುದು ಅವನ ಅನ್ನದ ವಿದ್ಯೆ. ಅಕ್ಷರಶಃ ಪಾಲಿಸಿದ. ಮುಳ್ಳು ಸೂಜಿಯಷ್ಟು ಚೂಪಾಗಿ ಕಂಡಿತು. ಅದರಾಚೆ ಮಂಜಿನಲ್ಲೊಂದು ಕಪ್ಪು ಚುಕ್ಕೆ. ಉಸಿರು ಹಿಡಿದು ಹೊಡೆದ, ತುಂಬಿ ಮತ್ತೆ ಹೊಡೆದ. ಪ್ರತಿ ಗುಂಡೂ ಮನೆಗೆ ಹೋಗಿ ಚಿಲಕ ಹಾಕಿಕೊಂಡಂತೆ ಕೂರುತ್ತಿದೆಯೆಂದು ಅವನ ಕೈಗೆ ಗೊತ್ತಾಗುತ್ತಿತ್ತು.

ಮೇಷ್ಟ್ರು ಸೀಟಿ ಊದಿದರು. ಎಲ್ಲರೂ ಪಿಸ್ತೂಲು ಕೆಳಗಿಟ್ಟು ಹಗ್ಗ ಎಳೆದರು. ಅವನ ಕಾಗದ ಇಸ್ತ್ರಿ ಮಾಡಿದ ಅಂಗಿಯಂತೆ ಬಂತು. ಒಂದು ಗೀರೂ ಇಲ್ಲ. ಡಾಕ್ಟರ ಕಾಗದದ ಕಪ್ಪು ಮಾತ್ರ ಜರಡಿಯಾಗಿತ್ತು.

“ಏನ್ ಡಾಕ್ಟ್ರೇ, ಯಾವ ದೇವ್ರು ಬಂತು ಮೈಮೇಲೆ?” ಎಂದರು ಮ್ಯಾನೇಜರು. ಡಾಕ್ಟರು ಕಾಗದವನ್ನು ದೀಪಕ್ಕೆ ಹಿಡಿದು, ಮೊದಲು ಅನುಮಾನದಿಂದ, ಆಮೇಲೆ ವಿನಯದಿಂದ ನೋಡಿದರು.

ಕನ್ನಡಕದಂಗಡಿಯವನು ತನ್ನ ಪಾದ ನೋಡಿದ. ಅದು ನೆಟ್ಟಗೆ ಡಾಕ್ಟರ ಗುರಿಯತ್ತ ಮುಖ ಮಾಡಿತ್ತು. “ಅದು...” ಎಂದು ಶುರುಮಾಡಿದವನು ಸೀಟಿಯ ಮುಖ ಕಂಡು ನುಂಗಿಕೊಂಡ. ತೂತುಗಳು ತನ್ನವೆಂದರೆ ಕ್ಲಬ್ಬಿಲ್ಲ, ಅಲ್ಲವೆಂದರೆ ಪಿಸ್ತೂಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಂದಳು. ಗಂಡನ ಕಾಗದದ ಎರಡೂ ಮಗ್ಗುಲು ತಿರುಗಿಸಿ ನೋಡಿ, “ನಡೀರಿ,” ಎಂದಳು.

ಆಗ ಡಾಕ್ಟರು ಜರಡಿಯಾದ ತಮ್ಮ ಕಾಗದವನ್ನು ಅವಳಿಗೆ ತೋರಿಸುತ್ತ ಅಡ್ಡ ಬಂದರು. ಗೆದ್ದವರಿಗೆ ಬರುವ ಉದಾರತೆ ಅವರ ಮುಖದ ತುಂಬ ಇತ್ತು. “ತಡೀರಿ ಮೇಡಂ. ತಪ್ಪು ಕೈಯದ್ದೋ ಪಿಸ್ತೂಲಿಂದೋ ನೋಡ್ಬಿಡೋಣ. ನಾನೇ ಹೊಡೆದು ತೋರಿಸ್ತೀನಿ.” ಹೆಂಡತಿ ಒಪ್ಪಿದಳು. ಇವನ ಎದೆಯಲ್ಲಿ ಆಸೆ ಚಿಗುರಿತು: ಇಂಥ ಪಿಸ್ತೂಲಿನಲ್ಲಿ ಯಾರು ಹೊಡೆದರೂ ಒಂದಾದರೂ ಬೀಳಬೇಕು.

ಹೊಸ ಕಾಗದ ತೂಗುಹಾಕಿ ಡಾಕ್ಟರು ಹೊಡೆದರು. ಮರಳು ಹಾರಿತು. ಮತ್ತೆ ಮತ್ತೆ ಹಾರಿತು. ಹಗ್ಗ ಎಳೆದಾಗ ಕಾಗದ ಹೋದಷ್ಟೇ ಬಿಳುಪಾಗಿ ತಿರುಗಿ ಬಂತು.

ಡಾಕ್ಟರು ನಳಿಕೆಯನ್ನು ಹುಳುಕು ಹಲ್ಲು ನೋಡುವಂತೆ ನೋಡಿ ತಲೆಯಾಡಿಸಿದರು. “ಉಪಯೋಗ ಇಲ್ಲ ಮೇಡಂ. ನೋಡೋಕೆ ಚೆಂದ, ಅಷ್ಟೇ. ನಳಿಕೆಯೇ ಸೊಟ್ಟ.” ಮ್ಯಾನೇಜರು ತಮಗೆ ಮೊದಲೇ ಅನುಮಾನವಿತ್ತೆಂದರು. ಸೀಟಿ ಕೂಡ ಹೂಂ ಎಂದರು.

ಹೆಂಡತಿ ಪಿಸ್ತೂಲನ್ನು ತಾನೇ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಹೊರಗೆ ಬಂದ ಮೇಲೆ ಎಷ್ಟೋ ವರ್ಷಗಳ ನಂತರ ಅವನ ತೋಳು ಹಿಡಿದುಕೊಂಡಳು.

“ನಿಮ್ಮನ್ನ ಸುಮ್ನೆ ಬೈದೆ ಕಣ್ರೀ,” ಎಂದಳು ಮೆತ್ತಗೆ. “ಅಷ್ಟು ಚೆನ್ನಾಗಿ ಹೊಡೆಯೋವ್ರ ಕೈಲೇ ಆಗ್ಲಿಲ್ಲ ಅಂದ್ಮೇಲೆ, ಪಾಪ, ನೀವೇನು ಮಾಡ್ತೀರಿ?”

ಅವನು ಹೌದೆಂದು ತಲೆಯಾಡಿಸಿ, ಅಂಗಡಿ ಮುಚ್ಚುವ ಮೊದಲೇ ತಲುಪಲು ಬೇಗ ಬೇಗ ಹೆಜ್ಜೆ ಹಾಕಿದ.