ನನ್ನ ಅರ್ಧ ಪುಟ, ಕಾಕನ ಎರಡು ನಿಮಿಷ

ಸಿನಿಮಾ ವಿಮರ್ಶೆ ಬರೆಯುವವನಿಗೆ ಬೇರೆ ಏನು ಸಿಗದಿದ್ದರೂ ಅವಮಾನಕ್ಕೆ ಬರ ಇಲ್ಲ. ನನಗೆ ಅದು ವಾರಕ್ಕೊಂದರಂತೆ, ಹೆಚ್ಚಾಗಿ ಶನಿವಾರ, ಮನೆ ಬಾಗಿಲಿಗೇ ಬರುತ್ತದೆ. ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಸಂಜೆ ಪತ್ರಿಕೆಯಲ್ಲಿ ನಾನು ಪ್ರೂಫ್ ನೋಡುವವ. ಜೊತೆಗೆ ಇಪ್ಪತ್ತು ವರ್ಷಗಳಿಂದ ಶನಿವಾರದ ಸಿನಿಮಾ ವಿಮರ್ಶೆಯೂ ನನ್ನದೇ. ಅರ್ಧ ಪುಟ, ಮೇಲೆ ನನ್ನ ಫೋಟೊ. ಫೋಟೊ ತೆಗೆಸಿದಾಗ ತಲೆಯಲ್ಲಿ ಕೂದಲಿತ್ತು, ಹಾಗಾಗಿ ಅದನ್ನು ಬದಲಾಯಿಸಲು ಯಾರಿಗೂ ಬಿಟ್ಟಿಲ್ಲ. ಈ ಅರ್ಧ ಪುಟ ಬಿಟ್ಟರೆ ಈ ಊರಿನಲ್ಲಿ ನನ್ನದು ಅಂತ ಹೇಳಿಕೊಳ್ಳಲು ಬೇರೆ ಏನೂ ಇಲ್ಲ. ಮುಂದೆ ಹೇಳುವುದರಲ್ಲಿ ಹೊಟ್ಟೆಕಿಚ್ಚಿನ ವಾಸನೆ ಬಂದರೆ ಅನುಮಾನಪಡಬೇಡಿ. ಅದು ಹೊಟ್ಟೆಕಿಚ್ಚೇ.

೧. ಅಡುಗೆಮನೆಯಲ್ಲಿ ಇನ್ನೊಬ್ಬರ ದನಿ

ಒಂದು ಶನಿವಾರ ಸಂಜೆ ಕಾವೂರಿನ ನಮ್ಮ ಮನೆಯಲ್ಲಿ ಹೆಂಡತಿ ನನ್ನ ವಿಮರ್ಶೆಯನ್ನು ಪೂರ್ತಿ ಓದಿದಳು. ಇದು ಅಪರೂಪದ ಘಟನೆ. ನಾನು ಚಹಾ ಕುಡಿಯುವವನ ಹಾಗೆ ನಟಿಸುತ್ತಾ ಕಾದೆ.

“ಚಂದ ಉಂಟು,” ಅಂದಳು. “ಆದರೆ ಈ ಸಿನಿಮಾಕ್ಕೆ ಹೋಗಬಹುದಾ, ಬೇಡವಾ?”

“ಅದನ್ನೇ ಬರೆದದ್ದಲ್ವಾ?”

“ಎಲ್ಲಿ?”

ಕೊನೆಯ ವಾಕ್ಯದ ಮೇಲೆ ಬೆರಳಿಟ್ಟು ತೋರಿಸಿದೆ. ‘ಒಟ್ಟಿನಲ್ಲಿ ಇದು ತನ್ನ ಮಿತಿಗಳ ಒಳಗೇ ತನ್ನ ಸಾಧ್ಯತೆಗಳನ್ನು ಶೋಧಿಸುವ ಒಂದು ಪ್ರಾಮಾಣಿಕ ತಡಕಾಟ’ ಅಂತ ಅದರಲ್ಲಿತ್ತು. ಅವಳು ಎರಡು ಸಲ ಓದಿದಳು. ಆಮೇಲೆ ಮೊಬೈಲ್ ಎತ್ತಿಕೊಂಡು ಒಂದು ವಾಯ್ಸ್ ಮೆಸೇಜ್ ಒತ್ತಿದಳು. ಒಬ್ಬ ಗಂಡಸಿನ ದನಿ ಅಡುಗೆಮನೆ ತುಂಬ ಕೇಳಿತು.

“ಎಲ್ಲರಿಗೂ ನಮಸ್ಕಾರ. ಸಿನಿಮಾ ನೋಡಿ ಬಂದೆ. ಒಳ್ಳೇದು ಎಂತ ಅಂದ್ರೆ, ಫೈಟ್ ಉಂಟು, ಪದ್ಯ ಉಂಟು. ಕೆಟ್ಟದ್ದು ಎಂತ ಅಂದ್ರೆ, ಹೀರೋ ಅಳುವಾಗ ನಮಗೆ ನಗೆ ಬರ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ರೆ ಹೋಗಿ. ಇಲ್ಲದಿದ್ರೆ ಬೇಡ.”

“ಬೇಡ,” ಅಂದಳು ಹೆಂಡತಿ. ನಮ್ಮ ಮಕ್ಕಳಿಗೆ ಮದುವೆಯಾಗಿದೆ.

“ಯಾರು ಅದು?” ಅಂದೆ.

“ಕುದ್ರೋಳಿಯ ಕೊಡೆ ಅಂಗಡಿಯ ಕಾಕ. ಇಡೀ ಮಂಗಳೂರಿಗೆ ಗೊತ್ತುಂಟು, ನಿಮಗೆ ಮಾತ್ರ ಗೊತ್ತಿಲ್ಲ. ನೀವು ಸಿನಿಮಾ ಕ್ಷೇತ್ರದಲ್ಲಿ ಇಲ್ವಾ ಎಂತ?”

೨. ಏಳು ಕೊಡೆ

ವಿಚಾರಿಸಿದೆ. ಕಾಕನಿಗೆ ಅರುವತ್ತು ದಾಟಿದೆ. ಅವರ ತಮ್ಮನ ಮಗ ಸೌದಿಯ ದಮ್ಮಾಮಿನಲ್ಲಿದ್ದಾನೆ. ವಾರಕ್ಕೆ ಒಂದೇ ರಜೆ, ಆ ರಜೆಯನ್ನು ಕೆಟ್ಟ ಸಿನಿಮಾಕ್ಕೆ ಸುರಿಯುವುದು ಬೇಡ ಅಂತ ಕಾಕನನ್ನು ಕೇಳುತ್ತಿದ್ದನಂತೆ. ಕಾಕ ಎರಡು ನಿಮಿಷ ಮಾತಾಡಿ ಕಳುಹಿಸುತ್ತಿದ್ದರು. ಅದು ಮನೆಯವರ ಗ್ರೂಪಿನಿಂದ ಬೀದಿಯ ಗ್ರೂಪಿಗೆ, ಬೀದಿಯಿಂದ ಊರಿಗೆ ಹೋಯಿತು. ಇಷ್ಟೇ ವಿದ್ಯೆ. ಯಾವ ಪತ್ರಿಕೆಯೂ ಅವರಿಗೆ ಫೋಟೊ ಹಾಕಿಲ್ಲ, ಆದರೂ ಜನ ಅವರ ಮಾತು ಕೇಳಿ ಟಿಕೆಟ್ ತೆಗೆಯುತ್ತಾರೆ. ಕೇಳಿ ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿತು.

ಅವರ ಗುಟ್ಟೇನು ಅಂತ ಪತ್ತೆ ಮಾಡಲು ಗಿರಾಕಿಯ ವೇಷದಲ್ಲಿ ಅಂಗಡಿಗೆ ಹೋದೆ. ಸುಮ್ಮನೆ ನಿಂತರೆ ಅನುಮಾನ ಬರುತ್ತದಲ್ಲ, ಒಂದು ಕೊಡೆ ಕೊಂಡೆ. ಗುಟ್ಟು ಸಿಗಲಿಲ್ಲ. ಮುಂದಿನ ವಾರ ಇನ್ನೊಂದು ಕೊಂಡೆ. ಹೀಗೆ ಮನೆಯಲ್ಲಿ ಇಬ್ಬರು ಜನ, ಕೊಡೆ ಏಳಾದವು. ಏಳನೆಯದನ್ನು ಕಟ್ಟಿಕೊಡುವಾಗ ಕಾಕ ಮೆಲ್ಲ ಹೇಳಿದರು:

“ಪೇಪರಣ್ಣ, ನಿಮ್ಮ ಫೋಟೊ ನೋಡಿ ಮೊದಲನೇ ದಿನವೇ ಗುರ್ತ ಸಿಕ್ಕಿತ್ತು. ಕೂದಲು ಸ್ವಲ್ಪ ಕಮ್ಮಿ ಆಗಿದೆ, ಅಷ್ಟೆ. ನಿಮ್ಮ ವಿಮರ್ಶೆ ನಾನು ಒಂದು ವಾರವೂ ಬಿಡುವುದಿಲ್ಲ ಮಾರಾಯ್ರೆ. ವಾರಕ್ಕೆ ಎರಡು ಸಿನಿಮಾ ನೋಡ್ತೇನೆ, ಅದು ಓದಿದ ಮೇಲೆಯೇ ಎರಡನೆಯದು ಯಾವುದಕ್ಕೆ ಹೋಗುವುದು ಅಂತ ನಿಶ್ಚಯ ಮಾಡುವುದು.”

ಎದೆ ತಣ್ಣಗಾಯಿತು. ಇಂಥ ಒಳ್ಳೆಯ ಮನುಷ್ಯನ ಮೇಲೆ ಕಿಚ್ಚುಪಟ್ಟೆನಲ್ಲ ಅಂತ ನಾಚಿಕೆಯೂ ಆಯಿತು. “ಹೌದಾ ಕಾಕ?” ಅಂದೆ.

“ಹೌದು. ನೀವು ಚಂದ ಇಲ್ಲ ಅಂದದ್ದು ಯಾವುದೂ ಇಷ್ಟರವರೆಗೆ ನನಗೆ ಮೋಸ ಮಾಡಿಲ್ಲ.”

೩. ಸಂಪಾದಕರ ಐಡಿಯಾ

ಅಷ್ಟರಲ್ಲಿ ಒಂದು ದೊಡ್ಡ ಸಿನಿಮಾದ ಎರಡನೇ ಭಾಗ ಬಂತು. ಮೊದಲ ಭಾಗದಲ್ಲಿ ಹೀರೋ ಒಬ್ಬ ಬಡ ಲೈನ್‌ಮನ್. ಸಿಡಿಲು ಬಡಿದು ಅವನ ಮೈಯಲ್ಲೇ ಕರೆಂಟು ಸೇರಿಕೊಳ್ಳುತ್ತದೆ, ಅದರಿಂದ ಊರನ್ನು ಕಾಪಾಡುತ್ತಾನೆ. ಎರಡನೆಯದರಲ್ಲಿ ಊರು ಸಾಲದು ಅಂತ ಮೂರು ಲೋಕ ಕಾಪಾಡುವುದು. ಮೂವರು ಖಳನಾಯಕರು, ಮೂರು ಗಂಟೆ. ಬಸ್‌ಸ್ಟ್ಯಾಂಡಿನಲ್ಲಿ, ಮೀನಿನ ಮಾರ್ಕೆಟಿನಲ್ಲಿ, ಎಲ್ಲಿ ಹೋದರೂ ಅದೇ ಮಾತು.

ಸಂಪಾದಕರು ನನ್ನನ್ನು ಒಳಗೆ ಕರೆದರು.

“ಈ ಸಲ ಎರಡು ವಿಮರ್ಶೆ ಹಾಕುವ. ಒಂದು ನಿಮ್ಮದು, ಇನ್ನೊಂದು ಕೊಡೆ ಅಂಗಡಿಯ ಕಾಕನದ್ದು, ಅಕ್ಕಪಕ್ಕ. ಯಾವುದು ಒಳ್ಳೇದು ಅಂತ ಓದುಗರು ಮೆಸೇಜ್ ಮಾಡಲಿ. ಗೆದ್ದವರಿಗೆ ಶನಿವಾರದ ಜಾಗ.”

“ಸೋತವರಿಗೆ?”

“ನಿಮಗೆ ಪ್ರೂಫ್ ನೋಡುವ ಕೆಲಸ ಹೇಗೂ ಉಂಟಲ್ಲ,” ಅಂದರು ಸಂಪಾದಕರು. ಸ್ಪರ್ಧೆ ಇನ್ನೂ ಶುರುವಾಗಿರಲಿಲ್ಲ.

ಹೊರಗೆ ಹೊರಟೆ. ಹಿಂದಿನಿಂದ ಇನ್ನೊಂದು ಮಾತು ಬಂತು: “ಮತ್ತೆ, ಕಾಕ ಬರೆಯುವವರಲ್ಲ, ಮಾತಾಡುವವರು. ಅವರು ಹೇಳಿದ್ದನ್ನು ಬರೆದುಕೊಂಡು ಬರಲಿಕ್ಕೆ ಒಬ್ಬರು ಬೇಕು. ಆಫೀಸಿನಲ್ಲಿ ಕನ್ನಡ ಸರಿಯಾಗಿ ಬರುವುದು ನಿಮಗೆ ಒಬ್ಬರಿಗೇ.”

ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

೪. ಹೆಸರುಗಳು ಬಂದ ಮೇಲೆ

ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋದೆವು. ಕಾಕ ನೆಲಕಡಲೆಯ ಪೊಟ್ಟಣ ತಂದಿದ್ದರು, ನಾನು ನೋಟ್‌ಬುಕ್ ತಂದಿದ್ದೆ. ಕತ್ತಲೆಯಲ್ಲಿ ಬರೆಯುವುದು ನನಗೆ ಅಭ್ಯಾಸ. ಗುಣಗಳು ಎಡ ಪುಟಕ್ಕೆ, ದೋಷಗಳು ಬಲ ಪುಟಕ್ಕೆ. ಸಿನಿಮಾ ಮುಗಿದು ಪರದೆಯ ಮೇಲೆ ಹೆಸರುಗಳು ಏರಲು ಶುರುವಾದ ಕೂಡಲೇ ಎದ್ದೆ. ಕಾವೂರಿನ ಬಸ್ಸಿನಲ್ಲಿ ಸೀಟು ಸಿಗಬೇಕಾದರೆ ಆಗಲೇ ಏಳಬೇಕು, ಇಪ್ಪತ್ತು ವರ್ಷಗಳಿಂದ ನನ್ನ ಪದ್ಧತಿ ಅದು. ಕಾಕ ಏಳಲಿಲ್ಲ. “ನೀವು ಹೋಗಿ. ನನಗೆ ಮೊಣಗಂಟು ನೋವು. ಈ ಮೆಟ್ಟಿಲಿನಲ್ಲಿ ಜನ ಎಲ್ಲ ಇಳಿದು ಹೋದ ಮೇಲೆಯೇ ನಾನು ಏಳುವುದು,” ಅಂದರು.

ಬಸ್ಸಿನಲ್ಲಿ ಕಿಟಕಿ ಸೀಟೇ ಸಿಕ್ಕಿತು. ಮನೆಗೆ ಬಂದು ಅಂದೇ ಬರೆದು ಮುಗಿಸಿದೆ. ‘ಮುಖ್ಯ ಖಳನಾಯಕನನ್ನು ಪೂರ್ತಿ ಸಾಯಿಸಿ ಮುಂದಿನ ಭಾಗದ ಬಾಗಿಲನ್ನೇ ಮುಚ್ಚಿಕೊಂಡದ್ದು ನಿರ್ದೇಶಕರ ಅಕ್ಷಮ್ಯ ದೂರದೃಷ್ಟಿಹೀನತೆ’ ಅನ್ನುವುದು ನನ್ನ ಮುಖ್ಯ ಆಕ್ಷೇಪ. ಬರೆದ ಮೇಲೆ ನನಗೇ ಒಮ್ಮೆ ಮೈ ಜುಮ್ಮೆಂದಿತು.

ಶನಿವಾರ ಬೆಳಿಗ್ಗೆ ಕಾಕನ ಮಾತು ಬರೆದುಕೊಳ್ಳಲು ಕುದ್ರೋಳಿಗೆ ಹೋದೆ. ಅವರು ಕೊಡೆಯ ಮುರಿದ ಕಡ್ಡಿ ಸರಿಮಾಡುತ್ತಾ ಶುರುಮಾಡಿದರು. “ಎಲ್ಲಕ್ಕಿಂತ ಒಳ್ಳೇದು ಆ ಕೊನೆಯದ್ದು ಪೇಪರಣ್ಣ. ಹೆಸರು ಎಲ್ಲ ಬಂದು ಮುಗಿದ ಮೇಲೆ, ಸತ್ತವ ಮೆಲ್ಲ ಒಂದು ಕಣ್ಣು ತೆರೀತಾನಲ್ಲ!”

ನನ್ನ ಪೆನ್ನು ನಿಂತಿತು. “ಹೆಸರು ಬಂದ ಮೇಲೆ?”

“ಈಗ ಎಲ್ಲ ಹೀರೋ ಸಿನಿಮಾದಲ್ಲಿ ಹಾಗೆ ಅಲ್ವಾ? ಮೊದಲನೇ ಭಾಗದಲ್ಲಿಯೂ ಇತ್ತಲ್ಲ, ಅವನ ಅಮ್ಮ ಬದುಕಿರುವುದು.”

ಅಮ್ಮ ಬದುಕಿರುವುದು! ಎರಡನೇ ಭಾಗದಲ್ಲಿ ಅವಳು ಬಾಗಿಲು ತೆರೆದು ಬಂದಾಗ ‘ಸತ್ತ ತಾಯಿ ಕಾರಣವಿಲ್ಲದೆ ಬದುಕಿ ಬರುತ್ತಾಳೆ’ ಅಂತ ನಾನು ಬಲ ಪುಟದಲ್ಲಿ ಅಡಿಗೆರೆ ಹಾಕಿ ಬರೆದಿದ್ದೆ. ಇಪ್ಪತ್ತು ವರ್ಷದಲ್ಲಿ ಹೀಗೆ ಎಷ್ಟು ಜನ ನನ್ನ ಬೆನ್ನ ಹಿಂದೆ ಬದುಕಿಬಂದರೋ ದೇವರಿಗೇ ಗೊತ್ತು. “ಹೌದು ಹೌದು, ಕಣ್ಣು ತೆರೀತಾನೆ,” ಅಂದೆ.

“ಯಾವ ಕಣ್ಣು ಪೇಪರಣ್ಣ, ಎಡದ್ದಾ ಬಲದ್ದಾ? ನನಗೆ ಅಲ್ಲಿಂದ ಸರಿ ಕಾಣಲಿಲ್ಲ.”

“ನಡುವಿನದ್ದು” ಅಂತ ಬಾಯಿಗೆ ಬಂದಿತ್ತು. ತಡೆದುಕೊಂಡು ಬಲದ್ದು ಅಂದೆ.

೫. ಕಾಕ ಹೇಳಿದ್ದು, ನಾನು ಬರೆದದ್ದು

ಕಾಕ ಮುಂದುವರಿಸಿದರು. “ಒಳ್ಳೇದು ಹೇಳ್ತೇನೆ. ನಮ್ಮವರು ಇಷ್ಟು ದೊಡ್ಡದಾಗಿ ಆಲೋಚನೆ ಮಾಡಿದ್ದಕ್ಕೇ ಅರ್ಧ ಟಿಕೆಟು ವಸೂಲು. ನೀರಿನ ಅಡಿಯಲ್ಲಿ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ, ಥಿಯೇಟರಲ್ಲಿ ಕೂತವರೂ ಮಾತಾಡಲಿಲ್ಲ. ಅಮ್ಮ ಅಳುವ ಬದಲು ಮಗನಿಗೆ ಬೈತಾಳೆ, ಅದು ಚಂದ. ಕೆಟ್ಟದ್ದು ಎಂತ ಅಂದ್ರೆ, ಖಳನಾಯಕರು ಮೂರು ಜನ. ಮೂವರೂ ತಮ್ಮ ತಮ್ಮ ಬಾಲ್ಯದ ಕಥೆ ಹೇಳ್ತಾರೆ. ಹೊಡೀಲಿಕ್ಕೆ ಬಂದವರು ಇಷ್ಟು ಮಾತಾಡ್ತಾರಾ?”

ಆಮೇಲೆ ಕಡ್ಡಿಯನ್ನು ಕೆಳಗಿಟ್ಟು ಸ್ವಲ್ಪ ಆಲೋಚನೆ ಮಾಡಿ ಹೇಳಿದರು: “ಮೊದಲನೇದರಲ್ಲಿ ಅವ ಒಂದು ಅಜ್ಜಿಯ ಮನೆಗೆ ಕರೆಂಟು ಕೊಟ್ಟ. ನಾನು ಎದ್ದು ನಿಂತು ಕೈ ತಟ್ಟಿದ್ದೆ. ಈಗ ಮೂರು ಲೋಕ ಉಳಿಸಿದ. ನಾನು ತಲೆ ಬಗ್ಗಿಸಿ ನೆಲಕಡಲೆ ಸುಲೀತಾ ಇದ್ದೆ.”

ಇಡೀ ಸಿನಿಮಾದ ಗುಣದೋಷ ಆ ಒಂದು ಮಾತಿನಲ್ಲಿತ್ತು. ಅದನ್ನೇ ಹೇಳಲು ನಾನು ನಾಲ್ಕು ಪ್ಯಾರಾ ಬರೆದಿದ್ದೆ, ಆದರೂ ಹೇಳಿ ಆಗಿರಲಿಲ್ಲ. ಅಷ್ಟು ಅಸೂಯೆ ನನಗೆ ಜೀವಮಾನದಲ್ಲಿ ಯಾರ ಮೇಲೂ ಆಗಿಲ್ಲ, ಷಡ್ಡಕ ಕಾರು ಕೊಂಡಾಗಲೂ ಆಗಿಲ್ಲ. ಈ ಮಾತು ಹೀಗೆಯೇ ಅಚ್ಚಾದರೆ ನನ್ನ ಅರ್ಧ ಪುಟ ಹೋಯಿತು ಅಂತ ಖಾತ್ರಿಯಾಯಿತು.

ಕಚೇರಿಗೆ ಬಂದು ಬಾಗಿಲು ಹಾಕಿಕೊಂಡು ನಾನು ಮಾಡಿದ್ದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಕಾಕನ ಒಂದೊಂದು ವಾಕ್ಯವನ್ನೂ ನನ್ನ ಕನ್ನಡಕ್ಕೆ ತಿರುಗಿಸಿದೆ. ಇಪ್ಪತ್ತು ವರ್ಷ ಯಾರೂ ಓದದ ಕನ್ನಡ ಅದು, ಅದರಿಂದ ಯಾರನ್ನಾದರೂ ಮುಳುಗಿಸಬಹುದು ಅಂತ ಭರವಸೆ ಇತ್ತು. ನೆಲಕಡಲೆಯ ಮಾತು ‘ಮಹತ್ತ್ವಾಕಾಂಕ್ಷೆಯ ಮಹಾಪೂರದಲ್ಲಿ ಮಾನವೀಯತೆಯ ಪುಟ್ಟ ಹಣತೆ ನಂದಿಹೋಗಿದೆ’ ಅಂತಾಯಿತು. ಅರ್ಥ ನಾನು ಬದಲಿಸಲಿಲ್ಲ, ಪ್ರೂಫ್ ನೋಡುವವನಿಗೂ ಒಂದು ಧರ್ಮ ಅಂತ ಉಂಟು. ಭಾಷೆಯನ್ನು ಮಾತ್ರ ಕೆಡಿಸಿದೆ.

ಕೆಡಿಸಿ ಮುಗಿದ ಮೇಲೆ ನೋಡಿದರೆ ಕಾಕನ ಒಳ್ಳೊಳ್ಳೆಯ ಮಾತುಗಳೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಸುಮ್ಮನೆ ಉಳಿದಿದ್ದವು. ನನ್ನ ವಿಮರ್ಶೆಯನ್ನು ಹೇಗೂ ಹೊಸದಾಗಿ ಬರೆಯಬೇಕಿತ್ತು, ಸತ್ತವ ಕಣ್ಣು ತೆರೆದಿದ್ದನಲ್ಲ. ಒಳ್ಳೆಯ ಮಾತನ್ನು ಹಾಳುಮಾಡಬಾರದು ಅಂತ ಅವನ್ನೆಲ್ಲ ನನ್ನ ಹೆಸರಿನ ಕೆಳಗೆ ಹಾಕಿಕೊಂಡೆ.

೬. ತೀರ್ಪು

ಎರಡು ವಿಮರ್ಶೆ ಅಕ್ಕಪಕ್ಕ ಬಂತು. ಸೋಮವಾರ ಸಂಪಾದಕರು ಮೆಸೇಜುಗಳನ್ನು ಗಟ್ಟಿಯಾಗಿ ಓದಿದರು.

ಒಬ್ಬರು: “ಕೊಡೆ ಮಾರುವವರ ಬಾಯಲ್ಲಿ ಇಂಥ ಕನ್ನಡ! ಕಣ್ಣಲ್ಲಿ ನೀರು ಬಂತು.”

ಕಾಲೇಜಿನಲ್ಲಿ ಕನ್ನಡ ಕಲಿಸುವ ಒಬ್ಬ ಮೇಡಂ: “ಹಣತೆಯ ವಾಕ್ಯವನ್ನು ತರಗತಿಯಲ್ಲಿ ಓದಿಸಿದೆ.”

ಇನ್ನೊಬ್ಬರು ನನ್ನ ಬಗ್ಗೆ: “ಇಪ್ಪತ್ತು ವರ್ಷದ ವಿಮರ್ಶಕರು ಸಿನಿಮಾ ನೋಡದೆ ನೆಲಕಡಲೆ ಸುಲಿಯುತ್ತಾ ಕೂತದ್ದಂತೆ. ಅದನ್ನು ಬರೆಯಲಿಕ್ಕೆ ನಾಚಿಕೆ ಇಲ್ವಾ?”

ಮತ್ತೊಬ್ಬರು: “ಕಾಕನ ಹಾಗೆ ಮಾತಾಡಲು ಹೋಗಿ ಇವರು ಮುಗ್ಗರಿಸಿದ್ದಾರೆ. ಅದೆಲ್ಲ ಹುಟ್ಟಿನಿಂದ ಬರಬೇಕು.”

ನನ್ನ ಪರವಾಗಿ ಒಂದೇ ಮೆಸೇಜ್ ಬಂದಿತ್ತು, ಅದು ನಾನೇ ಕಳುಹಿಸಿದ್ದು. ಆ ಹಣತೆ ನನ್ನದು ಸ್ವಾಮಿ ಅಂತ ಕೂಗಬೇಕು ಅನಿಸಿತು. ಹೇಗೆ ಕೂಗುವುದು? ಹಣತೆ ನನ್ನದು ಅಂದರೆ ನೆಲಕಡಲೆ ಕದ್ದದ್ದೂ ನಾನೇ ಅಂತಾಗುತ್ತದೆ.

“ಶನಿವಾರದ ಜಾಗ ಇನ್ನು ಕಾಕನಿಗೆ,” ಅಂದರು ಸಂಪಾದಕರು. “ಅವರು ಹೇಳ್ತಾರೆ, ನೀವು ಬರೆದುಕೊಂಡು ಬನ್ನಿ. ಆದರೆ ಒಂದು ಮಾತು, ಬೇಜಾರು ಮಾಡ್ಕೊಳ್ಳಬೇಡಿ. ಅವರ ಭಾಷೆಗೆ ನೀವು ಕೈ ಹಾಕಬಾರದು.”

೭. ಕಲಿಯಬೇಕಾದದ್ದು

ಅಂದು ಸಂಜೆ ಕಾಕ ಫೋನ್ ಮಾಡಿದರು. “ಪೇಪರಣ್ಣ, ನಾನು ಹೇಳಿದ್ದೇ ಹೌದಾ ಅಂತ ಗೊತ್ತಾಗಲಿಕ್ಕೆ ಮೂರು ಸಲ ಓದಬೇಕಾಯ್ತು. ದಮ್ಮಾಮಿಂದ ಹುಡುಗ ಕೇಳ್ತಾನೆ, ನೀವು ಇಷ್ಟು ಯಾವಾಗ ಕಲಿತದ್ದು ಅಂತ. ನಾನು ಎಂತ ಹೇಳಲಿ? ನಿಮ್ಮದರಲ್ಲಿ ಇದ್ದದ್ದು ನನ್ನ ಮಾತು ಅಂತ ನನಗೆ ಗೊತ್ತಾಗಿದೆ. ಇರಲಿ. ನೀವು ಕೊಡೆ ಕೊಂಡದ್ದು ಏಳು, ಅಷ್ಟು ನಾನೂ ತಡ್ಕೊಳ್ತೇನೆ.”

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮನುಷ್ಯ ಒಳ್ಳೆಯತನದಲ್ಲಿಯೂ ನನ್ನನ್ನು ಸೋಲಿಸಿದರು, ಅದಕ್ಕೂ ಹೊಟ್ಟೆ ಉರಿಯಿತು.

ಈಗ ಪ್ರತಿ ಶನಿವಾರ ಬೆಳಿಗ್ಗೆ ಕುದ್ರೋಳಿಗೆ ಹೋಗುತ್ತೇನೆ. ಕಾಕ ಎರಡು ನಿಮಿಷ ಮಾತಾಡುತ್ತಾರೆ. ನಾನು ಅದನ್ನು ಮೂರು ಗಂಟೆ ಕೂತು ನನ್ನ ಕನ್ನಡದಲ್ಲಿ ಬರೆಯುತ್ತೇನೆ, ಬೇರೆ ಕನ್ನಡದಲ್ಲಿ ಬರೆದರೆ ಓದುಗರು ಬಿಡುವುದಿಲ್ಲ. ಮೇಲೆ ಕಾಕನ ಫೋಟೊ. ಅವರಿಗೆ ಈಗಲೂ ತಲೆ ತುಂಬ ಕೂದಲು.

ಮೊನ್ನೆ ಶನಿವಾರ ಹೆಂಡತಿ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ವಿಮರ್ಶೆಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮದುವೆಯಾಗಿ ಮೂವತ್ತು ವರ್ಷಗಳಲ್ಲಿ ನಾನು ಬರೆದದ್ದನ್ನು ಓದಿ ಅವಳು ಕಣ್ಣೊರೆಸಿಕೊಂಡದ್ದು ಅದೇ ಮೊದಲು. ಖುಷಿ ತಡೆಯಲಾಗದೆ ಹತ್ತಿರ ಹೋಗಿ ನಿಂತೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹೇಳಿದ್ದು ತುಳುವಿನಲ್ಲಿ, ಅಲ್ಲಿ ಅದು ಇನ್ನೂ ಖಾರವಾಗಿತ್ತು.

“ವಾರ ವಾರ ಅವರ ಅಂಗಡಿಗೆ ಹೋಗಿ ಕೂತ್ಕೊಳ್ತೀರಲ್ಲ ಮಾರಾಯ್ರೆ, ಬರೆಯುವುದು ಹೇಗೆ ಅಂತ ಒಂದು ಸಲವಾದ್ರೂ ಕೇಳಬಾರದಾ?”

“ಮುಂದಿನ ವಾರ ಕೇಳ್ತೇನೆ,” ಅಂದೆ.