ನನಗೆ ಬಂದ ಕಂಟಕ

ಗಟ್ಟಿಮುಟ್ಟಾಗಿರುವ ಗಂಡಸಿನಿಂದ ಸಮಾಜಕ್ಕೆ ಹೆಚ್ಚಿನ ಉಪಯೋಗವಿಲ್ಲವೆಂಬುದು ನನ್ನ ಅನುಭವದ ಮಾತು. ಪುಣೆಯ ನಾರಾಯಣ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆಯ ಮಾಳಿಗೆಯಲ್ಲಿ ನಾನು ಬಹಳ ವರ್ಷ ಅಂಥ ಗಂಡಸಾಗಿಯೇ ಇದ್ದೆ. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಏರುತ್ತಿದ್ದೆ, ತಟ್ಟೆಗೆ ಬಂದ ರೊಟ್ಟಿಯನ್ನು ಬೇಡವೆನ್ನದೆ ತಿನ್ನುತ್ತಿದ್ದೆ. ಒಂದು ದಿನವೂ ಯಾರೂ ‘ಹೇಗಿದ್ದೀರಿ’ ಎಂದು ಕೇಳಲಿಲ್ಲ. ಪ್ರಾಣಕ್ಕೆ ಕಂಟಕ ಬಂದ ಮೇಲೆಯೇ ನಾನು ದೊಡ್ಡ ಮನುಷ್ಯನಾದೆ. ಆ ಕಂಟಕವನ್ನು ತಂದವಳು ನನ್ನ ಹೆಂಡತಿ ಗೋದಾವರಿ.

ಅದು ಯುದ್ಧದ ಕಾಲ. ರೇಷನ್ ಅಂಗಡಿಯ ಮುಂದೆ ನಿಂತು ತಂದ ಜೋಳದಲ್ಲಿ ಕಲ್ಲೇ ಹೆಚ್ಚು. ಎದುರುಮನೆಯ ತುಂಗಕ್ಕನವರು ನಮ್ಮ ಹಾಗೆಯೇ ಧಾರವಾಡದ ಕಡೆಯವರು. ಅವರ ಸೊಸೆ ಸುಶೀಲಾ ಎರಡನೆಯ ಸಲ ಬಸುರಿ. ಮೊದಲನೆಯ ಕೂಸು ಹಿಡಿಯಷ್ಟಿತ್ತು, ಉಳಿಯಲಿಲ್ಲ. ಹಾಲು, ಸೊಪ್ಪು, ಬೇಳೆ ಹೊಟ್ಟೆತುಂಬ ಕೊಡದಿದ್ದರೆ ಇದೂ ಉಳಿಯದೆಂದು ಹೆಣ್ಣು ಡಾಕ್ಟರು ಹೇಳಿಹೋಗಿದ್ದರು. ಆದರೆ ಆ ಮನೆಯಲ್ಲಿ ತುಂಗಕ್ಕನ ಗಂಡ ರಾಯರದು ಭಾರಿ ಶಿಸ್ತು: ಮೊದಲು ಗಂಡಸರು, ಆಮೇಲೆ ಅತ್ತೆ, ಕೊನೆಗೆ ಸೊಸೆ. ಸೊಸೆಯ ಪಾಲಿಗೆ ಉಳಿಯುತ್ತಿದ್ದುದು ಪಾತ್ರೆಯ ತಳ. ಗೋದಾವರಿ ಹಾಲು ಕಳಿಸಿದರೆ ಅದು ರಾಯರ ಚಹಾ ಸೇರುತ್ತಿತ್ತು. ಊಟಕ್ಕೇ ಕರೆದರೆ, “ನಮ್ಮ ಸೊಸಿ ಮಂದಿ ಮನ್ಯಾಗ ಯಾಕ ಉಣ್ಣಬೇಕು?” ಎಂದು ಗುಡುಗಿದರು.

ಒಂದು ಶುಕ್ರವಾರ ಗೋದಾವರಿ ಕುಂಕುಮದ ಬಟ್ಟಲು ಹಿಡಿದು ಎದುರುಮನೆಗೆ ಹೋದಳು. ನಾನು ಬಾಗಿಲಲ್ಲಿ ನಿಂತು ಕಿವಿಗೊಟ್ಟೆ.

“ನಮ್ಮ ಮನಿಯವರಿಗೆ ಭಾಳ ಕೆಟ್ಟ ಕಂಟಕ ಅದ ಅಂತ ಜೋಯಿಸರು ಹೇಳ್ಯಾರ ರೀ. ದಿನಾ ಒಬ್ಬ ಬಸುರಿ ಮುತ್ತೈದಿಗೆ ಉಣ್ಣಸ್ತೀನಿ ಅಂತ ಹರಕಿ ಹೊತ್ತೀನಿ. ಆಕಿ ಹೊಟ್ಟಿತುಂಬ ಉಂಡ ಮ್ಯಾಲೇ ಇವರು ತುತ್ತು ಎತ್ತಬೇಕು. ಸುಶೀಲಾನ್ನ ಕಳಸ್ರಿ. ನನ್ನ ಕುಂಕುಮ ನಿಮ್ಮ ಕೈಯಾಗ ಅದ.”

ಇಂಥ ಮಾತಿಗೆ ಒಲ್ಲೆನೆನ್ನುವ ಎದೆ ಯಾರಿಗಿದೆ? ರಾಯರೂ ತಲೆ ಆಡಿಸಿದರು. ನಮ್ಮ ಮನೆಗೆ ಯಾವ ಜೋಯಿಸರೂ ಬಂದಿರಲಿಲ್ಲ. ನನ್ನ ಕಂಟಕದ ಸುದ್ದಿ ನನಗೂ ತಿಳಿದದ್ದು ಆಗಲೇ.

ಅಂದಿನಿಂದ ಮೇ ತಿಂಗಳ ಬಿಸಿಲಲ್ಲೂ ನನ್ನ ಕೊರಳಿಗೆ ಮಫ್ಲರು. ತುಂಗಕ್ಕ ಕಂಡರೆ ಮೆಟ್ಟಿಲ ನಡುವೆ ನಿಂತು ಏದುಸಿರು, ಜೊತೆಗೆ ಒಂದಿಷ್ಟು ಕೆಮ್ಮು. ವಾಡೆಯ ಮಾಲಕರು “ಕಾಯ್ ರಾವ್, ತಬ್ಯೇತ್ ಕಶೀ ಆಹೇ?” ಎಂದು ದಿನವೂ ಆರೋಗ್ಯ ವಿಚಾರಿಸಿ ಮರುಗುವರು. ಸಂಜೆ ಕಚೇರಿಯಿಂದ ಹಸಿದು ಬಂದರೆ ಒಳಗೆ ಸುಶೀಲಾಳ ಊಟ ನಡೆದಿರುವುದು: ಮೆಂತ್ಯದ ಪಲ್ಯ, ಶೇಂಗಾ ಹಿಂಡಿ, ಹೆಸರುಬೇಳೆ, ಲೋಟದ ತುಂಬ ಹಾಲು. ಆ ವಾಸನೆ ಕುಡಿಯುತ್ತ ನಾನು ಮೆಟ್ಟಿಲ ಮೇಲೆ ಕೂಡಬೇಕು. ಪಾಪ, ಆ ಹುಡುಗಿಗೆ ಸಂಕೋಚ. “ಅಣ್ಣಾವ್ರು ಹಸದಾರ, ಸಾಕ್ರಿ ಅಕ್ಕಾ” ಎನ್ನುವಳು. “ಇನ್ನೊಂದು ರೊಟ್ಟಿ ಹಾಕ! ನನ್ನ ಜೀವದ ಪ್ರಶ್ನಿ ಅದ!” ಎಂದು ನಾನು ಹೊರಗಿನಿಂದಲೇ ಕೂಗುತ್ತಿದ್ದೆ. ದಿನ ಕಳೆದಂತೆ ಅವಳ ಕೆನ್ನೆ ತುಂಬಿಕೊಂಡಿತು. ನನ್ನ ಹೊಟ್ಟೆ ತಾಳ ಹಾಕುತ್ತಿದ್ದರೂ ಹೆಂಡತಿಯ ಮೇಲೆ ನನಗೆ ಹೇಳಲಾರದಷ್ಟು ಹೆಮ್ಮೆಯೆನಿಸುತ್ತಿತ್ತು.

ದಸರೆಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ದುಂಡಗೆ ಇತ್ತು, ವಾಡೆಯೆಲ್ಲ ಕೇಳುವ ಹಾಗೆ ಅತ್ತಿತು. ತುಂಗಕ್ಕ ರೇಷನ್ ಸಕ್ಕರೆಯನ್ನೇ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ನಾನು ರೂಢಿಯಂತೆ ಕೆಮ್ಮಿದೆ.

“ಸಾಕಿನ್ನ, ಕೆಮ್ಮಬ್ಯಾಡ್ರಿ,” ಎಂದರು. “ನಾ ಕಾಣದಾಗ ಮೆಟ್ಟಲ ಎರಡೆರಡು ಜಿಗದು ಹತ್ತತೀರಿ, ಸಪ್ಪಳ ಕೇಳಸ್ತದ. ನನಗ ಮೊದಲನೇ ದಿನಾನ ಗೊತ್ತಾತು. ನಮ್ಮ ಮನ್ಯಾಗ ನನ್ನ ಮಾತು ನಡಿಯೂದಿಲ್ಲ, ಗೋದಾವರಿದರ ನಡೀಲಿ ಅಂತ ಸುಮ್ನಿದ್ದೆ.” ಆಮೇಲೆ ದನಿ ತಗ್ಗಿಸಿದರು: “ಆ ಮಫ್ಲರ್ ಇಲ್ಲಿ ಕೊಡ್ರಿ. ಕೆಳಗಿನ ಮನಿ ಪದ್ಮಾ ಬಸುರಿ ಇದ್ದಾಳ. ಇವತ್ತಿನಿಂದ ನಮ್ಮ ಮನಿಯವರಿಗೂ ಕಂಟಕ ಅದ.”

ಮಫ್ಲರು ಈಗ ವಾಡೆಯಲ್ಲಿ ಕೊರಳಿಂದ ಕೊರಳಿಗೆ ಹೋಗುತ್ತಿದೆ. ಒಂದು ಮನೆಯಲ್ಲಿ ಬಸುರಿಗೆ ಊಟ, ಇನ್ನೊಂದರಲ್ಲಿ ಬಾಣಂತಿಗೆ. ಸಣ್ಣ ಮಕ್ಕಳಿಗೆ ಬಟ್ಟಲು ಹಾಲು. ಗಂಡಂದಿರು ಹಸಿದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಇದನ್ನೆಲ್ಲ ಮಾಡಿದವಳು ನನ್ನ ಹೆಂಡತಿಯೆಂದು ಎದೆಯುಬ್ಬಿಸಿ ಹೇಳುತ್ತೇನೆ. ನನ್ನದೂ ಒಂದು ಪಾಲಿದೆಯೆಂದರೆ ಅವಳು ನಗುತ್ತಾಳೆ. ನಗಲಿ. ರಾಯರು ತಮ್ಮ ಕಂಟಕವನ್ನು ನಿಜವೆಂದೇ ನಂಬಿದ್ದಾರೆ. ಆದರೂ ಅವರ ಕೆಮ್ಮು ನನ್ನ ಕೆಮ್ಮಿನ ಹತ್ತಿರಕ್ಕೂ ಬರುವುದಿಲ್ಲ.