ಗೌರವ ಕಲಿತ ಡಾಕ್ಟರು

ರೋಗ ಒಮ್ಮೊಮ್ಮೆ ವಾಸಿಯಾಗುತ್ತದೆ, ಆದರೆ ಡಾಕ್ಟರ ದೊಡ್ಡಸ್ತಿಕೆ ಯಾವ ಔಷಧಿಗೂ ಬಗ್ಗುವುದಿಲ್ಲ. ನಾಗಪುರದ ಒಂದು ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ನಾನು ಇದಕ್ಕೆ ಸಾಕ್ಷಿಯೂ ಹೌದು, ಆರೋಪಿಯೂ ಹೌದು.

೧. ಅಭಿನಯ

ಗೊಂಡ ಆದಿವಾಸಿ ರೋಗಿಗಳ ಜೊತೆ ಗೌರವದಿಂದ ನಡೆದುಕೊಳ್ಳುವುದು ಹೇಗೆಂದು ನಮಗೆ ಎರಡು ದಿನ ತರಬೇತಿ ಆಯಿತು. ಕಲಿಸಲು ಬಂದ ಮೇಡಂ 'ರೋಗಿಯ ಮಾತು ಕೇಳಿಸಿಕೊಳ್ಳಿ' ಎಂಬ ವಿಷಯದ ಮೇಲೆ ಮೂರು ಗಂಟೆ ಮಾತಾಡಿದರು. ನಮಗ್ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. ಆಮೇಲೆ ಅಭಿನಯ. ನಾನು ಗೊಂಡ ಮುದುಕ. ಬಗ್ಗಿ, ನಡುಗುತ್ತಾ, ಕೈಮುಗಿದುಕೊಂಡು ಬಂದೆ. ಹಿಂದಿನ ಸಾಲಿನಲ್ಲಿ ನೀರಿನ ಲೋಟ ಇಡುತ್ತಿದ್ದ, ಆಸ್ಪತ್ರೆಯ ನೆಲ ಒರೆಸುವ ನಮ್ಮ ಆಯಾಬಾಯಿ ಕಿಸಕ್ಕನೆ ನಕ್ಕಳು. ಆಕೆ ಗೊಂಡರವಳೇ.

ಮೇಡಂ ಗದರಿದರು: "ನಗಬೇಡಿ ಬಾಯಿ, ಆದಿವಾಸಿಗಳಿಗೆ ಅವಮಾನ ಆಗುತ್ತೆ!"

೨. ಉತ್ತರಪತ್ರಿಕೆ

ಗೊಂಡಿ ಮಾತಾಡುವ ರೋಗಿ ಬಂದಾಗಲೆಲ್ಲ ಈ ಬಾಯಿಯೇ ನೆಲ ಒರೆಸುವುದು ಬಿಟ್ಟು ಬಂದು ನಮಗೆ ಹಿಂದಿಯಲ್ಲಿ ತಿಳಿಸುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆದಿತ್ತು. ತರಬೇತಿಯ ಬೆನ್ನಿಗೇ ದುಭಾಷಿಯ ಹುದ್ದೆ ಬಂತು. ಬಕೆಟ್ಟಿನಿಂದ ಬಿಡುಗಡೆ ಸಿಕ್ಕೀತೆಂದು ಪಾಪ, ಹೊಸ ಸೀರೆ ಉಟ್ಟು ಪರೀಕ್ಷೆಗೆ ಕೂತಳು.

'ಆದಿವಾಸಿ ಸಂಸ್ಕೃತಿ' ವಿಷಯದ ಪ್ರಶ್ನೆ: 'ಆದಿವಾಸಿಗಳು ಡಾಕ್ಟರ ಮುಂದೆ ಏಕೆ ಮಾತಾಡುವುದಿಲ್ಲ?' ಉತ್ತರಪತ್ರಿಕೆ ತಿದ್ದಲು ನನಗೆ ಕೊಟ್ಟಿದ್ದ ಸರಿಯುತ್ತರ: 'ಸಂಕೋಚದ ಸ್ವಭಾವ.' ಆಕೆ ಬರೆದದ್ದು: 'ಮಾತಾಡುತ್ತಾರಲ್ಲ! ಕೇಳುವವರು ಯಾರು?'

ಸೊನ್ನೆ ಹಾಕಿದವನು ನಾನೇ. ನಾಚಿಕೆಯಾಯಿತು, ಆದರೂ ಹಾಕಿದೆ. ಇಂಥವೇ ಸೊನ್ನೆಗಳು ಸೇರಿ ಆಕೆ ಫೇಲಾದಳು. ಮನೆಯಲ್ಲಿ ಹೇಳಿದರೆ ಧಾರವಾಡದ ನನ್ನ ಹೆಂಡತಿ ಅಂದಳು: "ಬರೋಬರ್ ಬರದಾಳ ಬಿಡ್ರಿ. ಇಪ್ಪತ್ತ್ ವರ್ಷದಿಂದ ನಾನೂ ಮಾತಾಡಾಕತ್ತೇನಿ."

೩. ದುಭಾಷಿ

ಗೊಂಡಿಯನ್ನು ಪುಸ್ತಕದಿಂದ ಕಲಿತು ತೊಂಬತ್ತೆಂಟು ಅಂಕ ತೆಗೆದ ಯುವಕನಿಗೆ ಹುದ್ದೆ ಸಿಕ್ಕಿತು. ಮೊದಲ ದಿನವೇ ಒಬ್ಬ ಗೊಂಡ ಅಜ್ಜಿ ಹೊಟ್ಟೆ ಹಿಡಿದುಕೊಂಡು ಬಂದಳು. ಆತ ಏನೋ ಕೇಳಿದ. ಅಜ್ಜಿ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಏನಂತೆ?" ಎಂದೆ.

"ಸರ್, ಇಷ್ಟೆಲ್ಲ ಸಿಲಬಸ್‌ನಲ್ಲಿ ಇರಲಿಲ್ಲ."

ಇಬ್ಬರೂ ಬಾಗಿಲ ಕಡೆ ನೋಡಿದೆವು. ಬಾಯಿ ನೆಲ ಒರೆಸುತ್ತಿದ್ದಳು. ಯಾವ ಮುಖ ಇಟ್ಟುಕೊಂಡು ಕರೆಯುವುದು? ಆದರೂ ಕರೆದೆ. ಬಂದಳು. ಅಜ್ಜಿಯ ಕೈ ಹಿಡಿದು ಮಾತಾಡಿದಳು. ಅಜ್ಜಿ ನಮ್ಮಿಬ್ಬರನ್ನೂ ಬೆರಳು ಮಾಡಿ ತೋರಿಸಿ ಏನೋ ಅಂದಳು. ಆ ನೋವಿನಲ್ಲೂ ಅಜ್ಜಿ, ಜೊತೆಗೆ ಬಾಯಿ, ಬಿದ್ದು ಬಿದ್ದು ನಕ್ಕರು.

"ಮೂರು ದಿನದಿಂದ ಹೊಟ್ಟೆನೋವು, ನಿನ್ನೆಯಿಂದ ವಾಂತಿ. ಜಲ್ದಿ ನೋಡಿ ಸಾಹೇಬ್," ಎಂದಳು ಬಾಯಿ.

"ಅದು ಸರಿ, ನಕ್ಕಿದ್ದು ಯಾಕೆ?"

ಬಾಯಿ ಬಕೆಟ್ ಎತ್ತಿಕೊಂಡಳು. "ಅದು ಸಂಸ್ಕೃತಿಯ ವಿಷಯ ಸಾಹೇಬ್. ಅದರಲ್ಲಿ ನಾನು ಫೇಲು."